ದಿನಾ ಕಿಲ್ಟ್ ಉಡಬಹುದಾ, ಉಟ್ಟುಕೊಂಡು ದೇಶ ಸುತ್ತಬಹುದಾ?

ಪ್ರಶ್ನೆ: ನಾನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಕೆಲಸದಲ್ಲಿದ್ದೇನೆ. ಊರು ಸಾಗರದ ಹತ್ತಿರ. ಇಲ್ಲಿನ ಗೆಳೆಯನ ಮದುವೆಗೆ ಬಾಡಿಗೆ ಕಿಲ್ಟ್ (ಇಲ್ಲಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ, ಮಂಡಿಯುದ್ದದ ನೆರಿಗೆಯ ಬಟ್ಟೆ) ಉಟ್ಟಿದ್ದೆ, ತುಂಬಾ ಹಿಡಿಸಿತು. ಆಮೇಲೆ ಸ್ವಂತಕ್ಕೆ ಒಂದು ಹೊಲಿಸಿಕೊಂಡೆ. ಎಂಟು ಗಜದ್ದು, ದಪ್ಪ ಉಣ್ಣೆ. ಶನಿವಾರ, ಭಾನುವಾರ ಉಡುತ್ತಿದ್ದೇನೆ. ಈಗ ಆಫೀಸಿಗೂ ದಿನಾ ಉಡೋಣ ಅನ್ನಿಸುತ್ತಿದೆ. ಆದರೆ ಅನುಮಾನಗಳಿವೆ. ಇಲ್ಲಿನ ಯಾವ ಕುಲಕ್ಕೂ ಸೇರದ ನನ್ನಂಥವನು ಟಾರ್ಟನ್, ಅಂದರೆ ಕುಲಕ್ಕೊಂದು ಅನ್ನುವ ಬಣ್ಣದ ಚೌಕಳಿ ವಿನ್ಯಾಸದ ಬಟ್ಟೆ, ಉಡುವುದು ಸರಿಯಾ? ಮಳೆಯಲ್ಲಿ ನಡೆದರೆ ಮಂಡಿಯ ಹಿಂದೆ ಚರ್ಮ ಕೆಂಪಾಗಿ ಉರಿಯುತ್ತದೆ. ಒಳಗೆ ಏನೂ ಹಾಕಬಾರದು ಅಂತ ಎಲ್ಲರೂ ಹೇಳುತ್ತಾರೆ. ಒಮ್ಮೆ ಪಬ್‌ನಲ್ಲಿ ಯಾರೋ ಎತ್ತಿ ನೋಡಲು ಬಂದರು, ಬಹಳ ಅವಮಾನ ಆಯಿತು. ಮುಂದಿನ ತಿಂಗಳು ಹೆಂಡತಿ ಜೊತೆ ರೋಮ್‌ಗೆ, ಅಲ್ಲಿಂದ ದುಬೈಗೆ, ಕೊನೆಗೆ ತಂಗಿ ಮನೆ ಗೃಹಪ್ರವೇಶಕ್ಕೆ ಊರಿಗೆ ಹೋಗುತ್ತಿದ್ದೇವೆ. ಏರ್‌ಪೋರ್ಟಿನಲ್ಲಿ ತೊಂದರೆ ಆಗುತ್ತಾ? ಕಾಲುಚೀಲದಲ್ಲಿ ಸಿಕ್ಕಿಸುವ ಚಾಕು ಒಯ್ಯಬಹುದಾ? "ಲಂಗ ಹಾಕ್ಕೊಂಡು ಊರಿಗೆ ಬರ್ತೀಯಾ?" ಅಂತ ಅಪ್ಪ ಫೋನಿನಲ್ಲಿ ಬೇಜಾರು ಮಾಡಿಕೊಂಡರು.

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು. ಆದರೆ ಹೆಚ್ಚಿನವು ಒಂದೇ ಕಡೆಯಿಂದ ಹುಟ್ಟಿವೆ. ನೀವು ಹೊಲಿಸಿಕೊಂಡದ್ದು ಮದುವೆಯ ಕಿಲ್ಟ್. ಈಗ ಅದನ್ನೇ ದಿನದ ಬಟ್ಟೆ ಮಾಡಲು ಹೊರಟಿದ್ದೀರಿ. ರೇಷ್ಮೆ ಪಂಚೆ, ಜರಿ ಶಲ್ಯ ಹಾಕಿಕೊಂಡು ದಿನಾ ಬಸ್ ಹತ್ತಿದ ಹಾಗೆ ಇದು. ಬಟ್ಟೆ ಹಾಳಾಗುತ್ತದೆ, ಮೈಗೆ ಕಷ್ಟ, ನೋಡುವವರ ಕಣ್ಣೆಲ್ಲ ನಿಮ್ಮ ಮೇಲೆ. ಎಡಿನ್‌ಬರೋದಲ್ಲಿ ಕಿಲ್ಟ್ ಹೊಲಿಯುವುದು ನನ್ನ ಕೆಲಸ. ದಿನಾ ಉಡಲು ಶುರು ಮಾಡಿ ಕೆಲವೇ ವಾರಕ್ಕೆ ಬಿಟ್ಟವರು ಅಂಗಡಿಗೆ ಬಂದು ಹೇಳುವ ಕಾರಣಗಳು ಬಹುಪಾಲು ನಿಮ್ಮವೇ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಕಿಲ್ಟ್ ಬಿಡಬೇಡಿ, ಅದರ ಜೊತೆ ಬಂದಿರುವ ಮದುವೆ ಸಾಮಾನು ಬಿಡಿ.

ಮೊದಲು ನಿಮ್ಮನ್ನು ಜಾಸ್ತಿ ಕಾಡುತ್ತಿರುವ ಪ್ರಶ್ನೆ: ನನಗೆ ಹಕ್ಕಿದೆಯಾ? ಇದೆ. ಟಾರ್ಟನ್ ಯಾರು ಉಡಬೇಕು ಅನ್ನುವುದಕ್ಕೆ ಸ್ಕಾಟ್ಲೆಂಡಿನಲ್ಲಿ ಕಾನೂನಿಲ್ಲ. ಒಂದು ಕುಲಕ್ಕೆ ಒಂದೇ ಟಾರ್ಟನ್, ಅದನ್ನು ಬೇರೆಯವರು ಮುಟ್ಟಬಾರದು ಅನ್ನುವ ನಂಬಿಕೆ ನಾವಂದುಕೊಂಡಷ್ಟು ಹಳೆಯದಲ್ಲ. ಮೊದಲು ಆಯಾ ಸೀಮೆಯ ನೇಕಾರರು, ಅಲ್ಲಿ ಸಿಗುವ ಬಣ್ಣಗಳು ಸೇರಿ ವಿನ್ಯಾಸ ಆಗುತ್ತಿತ್ತು. 1746ರಲ್ಲಿ, ಗದ್ದುಗೆ ಕಳೆದುಕೊಂಡ ಸ್ಟುವರ್ಟ್ ರಾಜಮನೆತನದ ಪರವಾಗಿ ಎದ್ದ ಜಾಕಬೈಟ್ ದಂಗೆ ಸೋತ ಮೇಲೆ ಬ್ರಿಟಿಷ್ ಸರ್ಕಾರ ಹೈಲ್ಯಾಂಡ್ (ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆ) ಉಡುಪನ್ನೇ ನಿಷೇಧಿಸಿತು. ಸೈನ್ಯದಲ್ಲಿ ಇಲ್ಲದ ಗಂಡಸು ಕಿಲ್ಟ್ ಉಟ್ಟು ಸಿಕ್ಕಿಬಿದ್ದರೆ ಆರು ತಿಂಗಳು ಜೈಲು. ಎರಡನೇ ಸಲ ಸಿಕ್ಕರೆ ಏಳು ವರ್ಷ ಗಡೀಪಾರು. ಆ ಕಾನೂನು ರದ್ದಾಗಿದ್ದು 1782ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಕಿಲ್ಟ್ ಇಲ್ಲದೆಯೇ ಬೆಳೆದುಬಿಟ್ಟಿತ್ತು. 1822ರಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ಲೇಖಕ ವಾಲ್ಟರ್ ಸ್ಕಾಟ್ ಮುಂದೆ ನಿಂತು ಇಡೀ ಊರಿಗೆ ಟಾರ್ಟನ್ ತೊಡಿಸಿದರು. ಬ್ಯಾನಕ್‌ಬರ್ನ್‌ನ ವಿಲ್ಸನ್ ಮನೆತನದ ಗಿರಣಿ ತನ್ನ ವಿನ್ಯಾಸಗಳಿಗೆ ಕುಲಗಳ, ಊರುಗಳ ಹೆಸರಿಟ್ಟು ಮಾರಿತು. ನಾವು ಇವತ್ತು ನೋಡುವ ಕುಲ ಟಾರ್ಟನ್‌ಗಳಲ್ಲಿ ಬಹಳಷ್ಟು ಗಟ್ಟಿಯಾಗಿ ನಿಂತಿದ್ದು ಆಗ.

ಅದಕ್ಕೇ ಕುಲದ ಟಾರ್ಟನ್ ಸುಳ್ಳು ಅನ್ನುತ್ತಿಲ್ಲ. ಇನ್ನೂರು ವರ್ಷ ಜನ ಪ್ರೀತಿಯಿಂದ ಉಟ್ಟಿದ್ದಾರೆ, ಸತ್ತವರ ಮೈಮೇಲೆ ಹೊದಿಸಿದ್ದಾರೆ. ಅದಕ್ಕೆ ಬೆಲೆ ಇದೆ. ನಿಮಗೆ ಮುಜುಗರ ಆಗುವುದಾದರೆ ಎಲ್ಲರಿಗೂ ತೆರೆದಿರುವ ಟಾರ್ಟನ್‌ಗಳಿವೆ: ಬ್ಲ್ಯಾಕ್ ವಾಚ್, ಹಂಟಿಂಗ್ ಸ್ಟುವರ್ಟ್, ಕ್ಯಾಲೆಡೋನಿಯಾ. ಊರುಗಳ, ಜಿಲ್ಲೆಗಳ ಟಾರ್ಟನ್ ಇವೆ. ಗ್ಲಾಸ್ಗೋದಲ್ಲಿ ಇರುವವರು ಗ್ಲಾಸ್ಗೋ ಟಾರ್ಟನ್ ಉಟ್ಟರೆ ಯಾರೂ ಏನೂ ಅನ್ನುವ ಹಾಗಿಲ್ಲ. ಸ್ಕಾಟ್ಲೆಂಡಿನ ಸಿಖ್ಖರಿಗೆ ಸಿಂಗ್ ಟಾರ್ಟನ್ ಇದೆ. 2009ರಿಂದ ಸರ್ಕಾರವೇ ಟಾರ್ಟನ್‌ಗಳ ದಾಖಲೆ ಇಡುತ್ತಿದೆ, ಹೊಸ ವಿನ್ಯಾಸವನ್ನು ಯಾರು ಬೇಕಾದರೂ ಅಲ್ಲಿ ನೋಂದಾಯಿಸಬಹುದು. ಮುಟ್ಟಬಾರದ್ದು ಅಂತ ನಾನು ಹೇಳುವುದು ಬಾಲ್ಮೋರಲ್ ಟಾರ್ಟನ್, ಅದು ರಾಜಮನೆತನದ್ದು. ಸ್ಕಾಟಿಷ್ ಜನಕ್ಕೆ ನಿಜವಾಗಿ ನೋವಾಗುವುದು ಬೇರೆ ದೇಶದವರು ಕಿಲ್ಟ್ ಉಟ್ಟಾಗ ಅಲ್ಲ, ಕೆಂಪು ಕೂದಲಿನ ಟೋಪಿ ಸೇರಿಸಿ ವೇಷ ಕಟ್ಟಿದಾಗ.

ಇನ್ನು ಮಂಡಿಯ ಉರಿ. ಇದಕ್ಕೆ ಕಾರಣ ಎರಡು. ಒಂದು, ನೀವು ಕಿಲ್ಟನ್ನು ಕೆಳಗೆ ಉಡುತ್ತಿರಬೇಕು. ಪ್ಯಾಂಟನ್ನು ಸೊಂಟದ ಕೆಳಗೆ ಕಟ್ಟಿ ಅಭ್ಯಾಸ ಆದವರೆಲ್ಲ ಕಿಲ್ಟನ್ನೂ ಅಲ್ಲಿಗೇ ಕಟ್ಟುತ್ತಾರೆ. ಕಿಲ್ಟ್ ಕೂರಬೇಕಾದ್ದು ಹೊಕ್ಕುಳಿನ ಮಟ್ಟದಲ್ಲಿ, ಪಕ್ಕೆಲುಬು ಮುಗಿಯುವ ಕಡೆಗೆ ಏರಿ. ಆಗ ಅಂಚು ಮಂಡಿ ಚಿಪ್ಪಿನ ನಡುವಿಗೆ ಬರುತ್ತದೆ. ಸರಿ ಇದೆಯಾ ಅಂತ ನೋಡಲು ಹಳೆಯ ದಾರಿ ಒಂದಿದೆ: ಮಂಡಿಯೂರಿ ನೆಟ್ಟಗೆ ನಿಲ್ಲಿ. ಅಂಚು ನೆಲಕ್ಕಿಂತ ಸುಮಾರು ಒಂದು ಇಂಚು ಮೇಲಿರಬೇಕು. ನೆಲಕ್ಕೆ ತಾಗಿ ಮಡಚಿದರೆ ಉದ್ದ ಜಾಸ್ತಿ. ಉದ್ದ ಜಾಸ್ತಿಯಾದರೆ ಹೆಜ್ಜೆ ಹೆಜ್ಜೆಗೂ ಅಂಚು ಮಂಡಿಯ ಹಿಂದಿನ ಮೆತ್ತನೆ ಚರ್ಮವನ್ನು ಉಜ್ಜುತ್ತದೆ.

ಎರಡನೇ ಕಾರಣ ಬಟ್ಟೆಯದ್ದು. ಒಳ್ಳೆಯ ಕಿಲ್ಟಿನ ಕೆಳ ಅಂಚನ್ನು ಮಡಚಿ ಹೊಲಿಯುವುದಿಲ್ಲ. ಮಗ್ಗದಲ್ಲಿ ನೇಯ್ದ ಅಂಚೇ ಕೆಳಗೆ ಬರುವಂತೆ ಕತ್ತರಿಸುತ್ತೇವೆ. ಅದು ಬಿಗಿಯಾಗಿ, ಚೂಪಾಗಿ ಇರುತ್ತದೆ. ಒಣಗಿದ್ದಾಗ ಗೊತ್ತಾಗುವುದಿಲ್ಲ. ನೆನೆದರೆ ಭಾರವಾಗಿ, ಒರಟಾಗಿ ಚರ್ಮ ಕೆರೆಯುತ್ತದೆ. ಮೊದಲ ಮಹಾಯುದ್ಧದಲ್ಲಿ ಹೈಲ್ಯಾಂಡ್ ಸೈನಿಕರು ಕಂದಕಗಳಲ್ಲಿ ಪಟ್ಟ ಪಾಡೂ ಇದೇ. ಅಂಚಿಗೆ ಮೆತ್ತಿದ ಕೆಸರು ಚಳಿಗೆ ಹೆಪ್ಪುಗಟ್ಟಿ ತೊಡೆ, ಮಂಡಿ ಗೀರಿ ಗಾಯ ಮಾಡುತ್ತಿತ್ತು. ನೆರಿಗೆಗಳ ಒಳಗೆ ಹೇನು ಸೇರುತ್ತಿದ್ದವು. ಕಿಲ್ಟ್ ಉಟ್ಟು ಯುದ್ಧ ಮಾಡುವುದು 1940ಕ್ಕೆ ಮುಗಿಯಿತು. ಗ್ಲಾಸ್ಗೋ ಮಳೆಯಲ್ಲಿ ನಿಮಗೆ ಅಷ್ಟು ಕಷ್ಟ ಬರುವುದಿಲ್ಲ. ಉದ್ದ ಸರಿ ಮಾಡಿಸಿ, ಮಳೆಯ ದಿನ ಮಂಡಿಯ ಹಿಂದೆ ಸ್ವಲ್ಪ ವ್ಯಾಸಲೀನ್ ಹಚ್ಚಿಕೊಳ್ಳಿ. ಗಾಯ ಆಗಿದ್ದರೆ ಅದು ಒಣಗುವ ತನಕ ಪ್ಯಾಂಟ್ ಹಾಕಿ. ಹಠ ಮಾಡಬೇಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ: ದಿನದ ಕಿಲ್ಟ್ ಹೇಗಿರಬೇಕು? ನಿಮ್ಮದು ಎಂಟು ಗಜ, ಬಹುಶಃ 16 ಔನ್ಸ್ ಬಟ್ಟೆ (ಔನ್ಸ್ ಹೆಚ್ಚಾದಷ್ಟು ಬಟ್ಟೆ ದಪ್ಪ, ಭಾರ). ಎಂಟು ಗಜ ಅಂದರೆ ಏಳು ಮೀಟರಿಗೂ ಹೆಚ್ಚು ಬಟ್ಟೆ ನಿಮ್ಮ ಸೊಂಟದ ಸುತ್ತ ನೆರಿಗೆಯಾಗಿ ಕೂತಿದೆ. ಬಟ್ಟೆಯೇ ಎರಡು ಕಿಲೋ ಹತ್ತಿರ ತೂಗುತ್ತದೆ. ಅದರ ಬೀಳು, ಅಂದರೆ ಬಟ್ಟೆ ಇಳಿಬೀಳುವ ರೀತಿ, ನಡೆಯುವಾಗ ಹಿಂದೆ ಬೀಸುವ ಚಂದ ಬೇರೆ ಯಾವುದಕ್ಕೂ ಇಲ್ಲ. ಗಾಳಿಗೆ ಸುಲಭವಾಗಿ ಹಾರುವುದೂ ಇಲ್ಲ. ಆದರೆ ಹೀಟರ್ ಹಾಕಿದ ಆಫೀಸಿನಲ್ಲಿ ಎಂಟು ಗಂಟೆ ಕೂರಲು ಅದು ತುಂಬಾ ಸೆಕೆ. ಹಿಂದಿನ ನೆರಿಗೆಯ ಮೇಲೆ ದಿನವಿಡೀ ಕೂತರೆ ಮಡಿಕೆ ಕೆಡುತ್ತದೆ, ಬಟ್ಟೆ ಸವೆದು ಹೊಳಪು ಬರುತ್ತದೆ. ಕೈಯಲ್ಲಿ ಹೊಲಿದ ಆ ಕಿಲ್ಟಿಗೆ ಐನೂರು ಪೌಂಡಿಗೂ ಮೇಲೆ ಕೊಟ್ಟಿರುತ್ತೀರಿ. ಅದನ್ನು ಕುರ್ಚಿಗೆ ಉಜ್ಜಿ ಸವೆಸಬೇಡಿ. ಮದುವೆಗೆ, ಹಬ್ಬಕ್ಕೆ, ಚಳಿಗಾಲದ ನಡಿಗೆಗೆ ಅದು ಇರಲಿ. ಸರಿಯಾಗಿ ನೋಡಿಕೊಂಡರೆ ನಿಮ್ಮ ಮಗನೂ ಉಡುತ್ತಾನೆ.

ದಿನಕ್ಕೆ ಬೇರೆ ಒಂದು ಬೇಕು. ನನ್ನ ಮೊದಲ ಸಲಹೆ ಐದು ಗಜದ, 13 ಔನ್ಸಿನ ಉಣ್ಣೆ. ತೂಕ ಬಹಳ ಇಳಿಯುತ್ತದೆ, ಬೀಳು ಪರವಾಗಿಲ್ಲ. ನೆರಿಗೆ ಕಡಿಮೆ ಇರುವುದರಿಂದ ಕೂರಲು ಹಗುರ. ಅದಕ್ಕಿಂತ ತೆಳ್ಳಗಿನ 10 ಅಥವಾ 11 ಔನ್ಸಿನದು ಬೇಡ. ಕ್ಲೈಡ್ ನದಿ ಕಡೆಯಿಂದ ಬೀಸುವ ಗಾಳಿಗೆ ಅದು ಹಾರುತ್ತದೆ. ಸಬ್‌ವೇ ಮೆಟ್ಟಿಲಲ್ಲಿ ರೈಲು ಬರುವಾಗ ಕೆಳಗಿನಿಂದ ನುಗ್ಗುವ ಗಾಳಿಗಂತೂ ಕೇಳಲೇಬೇಡಿ.

ಎರಡನೆಯದು ಪಾಲಿಯೆಸ್ಟರ್, ವಿಸ್ಕೋಸ್ ಬೆರೆಸಿದ ಬಟ್ಟೆ. ನಮ್ಮ ಕಸುಬಿನಲ್ಲಿ ಪಿ.ವಿ. ಅನ್ನುತ್ತೇವೆ. ಯಾರ್ಕ್‌ಶೈರಿನ ಮಾರ್ಟನ್ ಮಿಲ್ಸ್ ನೇಯುವ ಪಿ.ವಿ. ಬಟ್ಟೆ ನನ್ನ ಕೈಗೆ ಬಹಳ ಸಲ ಬಂದಿದೆ. ಇದನ್ನು ಕೀಳಾಗಿ ನೋಡುವ ಹೊಲಿಗೆಯವರಿದ್ದಾರೆ. ನಾನು ನೋಡುವುದಿಲ್ಲ. ಮೆಷಿನ್‌ನಲ್ಲಿ ಒಗೆಯಬಹುದು, ಬೇಗ ಒಣಗುತ್ತದೆ, ನುಸಿ ತಿನ್ನುವುದಿಲ್ಲ, ಬೆಲೆ ಅರ್ಧಕ್ಕಿಂತ ಕಡಿಮೆ. ಪ್ರಯಾಣಕ್ಕೆ ಇದಕ್ಕಿಂತ ಅನುಕೂಲದ್ದು ಇಲ್ಲ. ತೊಂದರೆ ಅಂದರೆ ಉಣ್ಣೆಯಷ್ಟು ಬೆಚ್ಚಗಿಲ್ಲ, ಬಿಸಿ ಇಸ್ತ್ರಿ ನೇರ ಇಟ್ಟರೆ ಹೊಳೆಯುವ ಕಲೆ ಬೀಳುತ್ತದೆ. ಪ್ರವಾಸಿಗರ ಬೀದಿಯಲ್ಲಿ ಐವತ್ತು, ಅರವತ್ತು ಪೌಂಡಿಗೆ ನೇತುಹಾಕಿರುವ ಅಕ್ರಿಲಿಕ್ ಕಿಲ್ಟ್ ಇದಲ್ಲ. ಅದರ ನೆರಿಗೆ ಒಂದು ವಾರ ನಿಲ್ಲುವುದಿಲ್ಲ.

ಮೂರನೆಯದು ದಪ್ಪ ಹತ್ತಿಯ, ಪಕ್ಕದಲ್ಲಿ ಜೇಬಿರುವ ಕಿಲ್ಟ್. ಅಮೆರಿಕದ ಸಿಯಾಟಲ್ ಕಡೆಯಿಂದ ಜನಪ್ರಿಯವಾಯಿತು. ಎಡಿನ್‌ಬರೋದ ಹೋವಿ ನಿಕಲ್ಸ್‌ಬಿ ಡೆನಿಮ್, ಟ್ವೀಡ್‌ನಲ್ಲಿ ಕಿಲ್ಟ್ ಮಾಡಿ, ತಾವೂ ದಿನಾ ಉಟ್ಟು ಓಡಾಡಿ ದಾರಿ ತೋರಿಸಿದರು. ಟಾರ್ಟನ್ ಇಲ್ಲದ, ಒಂದೇ ಬಣ್ಣದ ಕಿಲ್ಟ್ ಆಫೀಸಿನಲ್ಲಿ ಕಣ್ಣಿಗೆ ಬೀಳುವುದೇ ಕಡಿಮೆ. ಕುಲದ ಪ್ರಶ್ನೆಯೂ ಏಳುವುದಿಲ್ಲ. ಹತ್ತಿ ನೆನೆದರೆ ಮಾತ್ರ ಒಣಗಲು ದಿನ ಬೇಕು.

ಇನ್ನು ಜೊತೆಯ ಸಾಮಾನು. ಬೆಳ್ಳಿ ಗುಂಡಿಯ ಕೋಟು, ಬೋ, ಕಣಕಾಲಿಗೆ ದಾರ ಸುತ್ತುವ ಬೂಟು, ತುಪ್ಪಳದ ಸ್ಪೋರನ್ (ಸೊಂಟದಿಂದ ಮುಂದೆ ನೇತಾಡುವ ಚೀಲ) ಎಲ್ಲ ಬೀರುವಿನಲ್ಲಿ ಇರಲಿ. ದಿನಕ್ಕೆ ಸಾದಾ ಸ್ವೆಟರ್ ಅಥವಾ ಶರ್ಟು, ದಪ್ಪ ಕಾಲುಚೀಲ, ನೀವು ಪ್ಯಾಂಟಿಗೆ ಹಾಕುವ ಅದೇ ಬೂಟು ಸಾಕು. ಸ್ಪೋರನ್ ಮಾತ್ರ ಬೇಕು, ಜೇಬಿಲ್ಲವಲ್ಲ. ಸಾದಾ ಚರ್ಮದ್ದು ತಗೊಳ್ಳಿ. ಕಟ್ಟುವ ಪಟ್ಟಿಯೂ ಚರ್ಮದ್ದೇ ಇರಲಿ. ಲೋಹದ ಸರಪಳಿ ಹಿಂದಿನ ನೆರಿಗೆಯ ಮೇಲ್ಭಾಗವನ್ನು ದಿನಾ ಉಜ್ಜಿ ಬಟ್ಟೆ ತೆಳುವಾಗಿಸುತ್ತದೆ. ರಿಪೇರಿಗೆ ಬರುವ ಕಿಲ್ಟ್‌ಗಳಲ್ಲಿ ನಾನು ಜಾಸ್ತಿ ನೋಡುವ ಸವೆತ ಅದೇ. ಮುಂದಿನ ಪಿನ್ನನ್ನು ಮೇಲಿನ ಪದರಕ್ಕೆ ಮಾತ್ರ ಚುಚ್ಚಿ. ಎರಡೂ ಪದರ ಸೇರಿಸಿ ಚುಚ್ಚಿದರೆ ಮೊದಲ ಸಲ ಕೂರುವಾಗಲೇ ಬಟ್ಟೆ ಹರಿಯುತ್ತದೆ. ಕೂರುವಾಗ ಅಂಗೈ ಹಿಂಭಾಗದಿಂದ ನೆರಿಗೆಗಳನ್ನು ಕೆಳಗೆ ಸವರಿಕೊಂಡು ಕೂತುಕೊಳ್ಳಿ. ಸ್ಪೋರನ್ ತಾನಾಗಿ ತೊಡೆಗಳ ನಡುವೆ ಇಳಿದು ಮುಂದಿನ ಬಟ್ಟೆಯನ್ನು ಒತ್ತಿ ಹಿಡಿಯುತ್ತದೆ.

ಆಫೀಸಿನಲ್ಲಿ ಮೇಲಿನವರಿಗೆ ಮೊದಲೇ ಒಂದು ಮಾತು ಹೇಳಿ. ಒಪ್ಪಿಗೆ ಬೇಡುವುದಲ್ಲ, ತಿಳಿಸುವುದು ಅಷ್ಟೆ. ಉಡುಪಿನ ನಿಯಮ ಬರೆದಿದ್ದರೆ ಓದಿ. ತಿರುಗುವ ಯಂತ್ರ, ರಾಸಾಯನಿಕ ಇರುವ ಕಡೆ ಮಾತ್ರ ಕಿಲ್ಟ್ ಬೇಡವೇ ಬೇಡ.

ಒಳಗೆ ಏನು ಹಾಕಬೇಕು ಅನ್ನುವ ಮಾತಿಗೆ ಬರೋಣ. ಒಳಉಡುಪು ಹಾಕಿ. "ನಿಜವಾದ ಸ್ಕಾಟ್ ಏನೂ ಹಾಕುವುದಿಲ್ಲ" ಅನ್ನುವುದು ಸೈನ್ಯದ ಕಡೆಯಿಂದ ಬಂದು ತಮಾಷೆಯಾಗಿ ಉಳಿದ ಮಾತು. ಅದು ನಿಯಮ ಅಲ್ಲ. 2010ರಲ್ಲಿ ಸ್ಕಾಟಿಷ್ ಟಾರ್ಟನ್ಸ್ ಅಥಾರಿಟಿ ಅನ್ನುವ ಸಂಸ್ಥೆಯ ಮುಖ್ಯಸ್ಥರೇ ಒಳಉಡುಪು ಇಲ್ಲದೆ ಓಡಾಡುವುದು ಮಕ್ಕಳಾಟ, ಶುಚಿಯೂ ಅಲ್ಲ ಅಂದಿದ್ದರು. ಬಾಡಿಗೆಗೆ ಕೊಡುವ ಅಂಗಡಿಯವರ ಬೇಡಿಕೆಯೂ ಅದೇ, ನಾಳೆ ಅದೇ ಕಿಲ್ಟ್ ಇನ್ನೊಬ್ಬರು ಉಡಬೇಕು. ಉಣ್ಣೆ ತೊಡೆಯ ಚರ್ಮಕ್ಕೆ ಒರಟು. ತೊಡೆ ಮುಚ್ಚುವಷ್ಟು ಉದ್ದದ ಹತ್ತಿಯ ಟ್ರಂಕ್ ತೊಡೆ ಉಜ್ಜುವುದನ್ನೂ ತಪ್ಪಿಸುತ್ತದೆ. ಕಿಲ್ಟ್ ಉಟ್ಟರೆ ಮಕ್ಕಳಾಗುವ ಶಕ್ತಿ ಹೆಚ್ಚುತ್ತದೆ ಅಂತಲೂ ಯಾರಾದರೂ ಹೇಳಿರಬಹುದು. 2013ರಲ್ಲಿ ಸ್ಕಾಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಂಥ ಒಂದು ಲೇಖನ ಬಂದಿತ್ತು. ವೃಷಣ ತಂಪಾಗಿದ್ದರೆ ವೀರ್ಯಕ್ಕೆ ಒಳ್ಳೆಯದು ಅನ್ನುವ ತಿಳುವಳಿಕೆಯ ಮೇಲೆ ಕಟ್ಟಿದ ಊಹೆ ಅದು. ಕಿಲ್ಟ್ ಉಟ್ಟವರನ್ನು ಪರೀಕ್ಷಿಸಿ ಹೇಳಿದ್ದಲ್ಲ.

ಪಬ್‌ನಲ್ಲಿ ಆದದ್ದನ್ನು ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನಾನು ಸ್ವಲ್ಪ ನಿಲ್ಲುತ್ತೇನೆ. ಅದು ತಮಾಷೆ ಅಲ್ಲ. ಹೆಂಗಸಿನ ಸ್ಕರ್ಟನ್ನು ಯಾರಾದರೂ ಎತ್ತಿದರೆ ನಾವು ಏನನ್ನುತ್ತೇವೋ ಇದಕ್ಕೂ ಅದನ್ನೇ ಅನ್ನಬೇಕು. 2017ರಲ್ಲಿ ಇನ್ವರ್ನೆಸ್‌ನ ಒಂದು ಬಾರಿನ ಹುಡುಗರು ಗಿರಾಕಿಗಳು ಹೀಗೇ ಕೈ ಹಾಕುತ್ತಿದ್ದುದಕ್ಕೆ ಬೇಸತ್ತು ಕಿಲ್ಟ್ ಉಡುವುದನ್ನೇ ನಿಲ್ಲಿಸಿದ್ದರು. ಒಪ್ಪಿಗೆ ಇಲ್ಲದೆ ಬಟ್ಟೆಯ ಕೆಳಗಿನಿಂದ ಫೋಟೋ ತೆಗೆಯುವುದು ಸ್ಕಾಟ್ಲೆಂಡಿನಲ್ಲಿ 2010ರಿಂದ ಅಪರಾಧ. ಇಂಗ್ಲೆಂಡಿನಲ್ಲಿ 2019ರಿಂದ, ಕಿಲ್ಟ್ ಉಟ್ಟ ಗಂಡಸಿಗೂ ಅದು ಅನ್ವಯಿಸುತ್ತದೆ. ಮತ್ತೆ ಹಾಗಾದರೆ ಒಂದು ಹೆಜ್ಜೆ ಹಿಂದೆ ಸರಿದು, ನಗದೆ, "ಮುಟ್ಟಬೇಡಿ" ಅಂತ ಗಟ್ಟಿಯಾಗಿ ಹೇಳಿ. ನಂತರವೂ ಬಿಡದಿದ್ದರೆ ಬಾರಿನವರಿಗೆ, ಬೇಕಾದರೆ ಪೊಲೀಸರಿಗೆ ಹೇಳಿ. "ಒಳಗೆ ಏನಿದೆ?" ಅನ್ನುವ ಪ್ರಶ್ನೆ ಮಾತ್ರ ದಿನಾ ಬರುತ್ತದೆ. ಉತ್ತರ ಕೊಡಲೇಬೇಕು ಅಂತಿಲ್ಲ, ಮಾತು ಬದಲಿಸಿ ಮುಂದೆ ಹೋಗಿ. ಅವಮಾನ ನಿಮ್ಮದಲ್ಲ.

ಪ್ರಯಾಣದ ವಿಷಯ ಬೇರೆ ಬೇರೆಯಾಗಿ ಹೇಳಬೇಕು, ಮೂರು ಕಡೆಯೂ ಒಂದೇ ಸಲಹೆ ಸಾಲದು.

ವಿಮಾನಕ್ಕೆ ಹಗುರದ ಕಿಲ್ಟ್ ಉಟ್ಟು ಹೋಗಿ. ಕಿಲ್ಟಿಗೆ ಮೂರು ಬಕಲ್ ಇರುತ್ತವೆ, ಬಿಚ್ಚಲು ಆಗುವುದಿಲ್ಲ. ಅವು ಯಂತ್ರದಲ್ಲಿ ಸದ್ದು ಮಾಡಬಹುದು. ಸ್ಪೋರನ್, ಪಿನ್, ಬೆಲ್ಟು ಮೊದಲೇ ತೆಗೆದು ಟ್ರೇಯಲ್ಲಿ ಇಡಿ. ಸಡಿಲ ಬಟ್ಟೆ ಆದ್ದರಿಂದ ಕೈಯಿಂದ ತಡವಿ ನೋಡುವ ಸಾಧ್ಯತೆ ಜಾಸ್ತಿ. ಗಂಡಸು ಸಿಬ್ಬಂದಿಯೇ ನೋಡಲಿ, ಬೇರೆ ಕೋಣೆಯಲ್ಲಿ ನೋಡಲಿ ಅಂತ ಕೇಳಬಹುದು, ಬ್ರಿಟನ್ನಿನಲ್ಲಿ ಕೊಡುತ್ತಾರೆ. ಅರ್ಧ ಗಂಟೆ ಮೊದಲೇ ಹೋಗಿ. ಹೆದರುವಂಥದ್ದು ಏನೂ ಇಲ್ಲ. ಸ್ಕಾಟ್ಲೆಂಡಿನ ಫುಟ್‌ಬಾಲ್ ಅಭಿಮಾನಿಗಳು 2024ರ ಯುರೋ ಕಪ್‌ಗೆ ಮ್ಯೂನಿಕ್, ಕಲೋನ್, ಸ್ಟಟ್‌ಗಾರ್ಟ್‌ಗೆ ಸಾವಿರಗಟ್ಟಲೆ ಜನ ಕಿಲ್ಟ್ ಉಟ್ಟೇ ಹೋಗಿ ಬಂದರು.

ಚಾಕು ಬೇಡ. ಇದರಲ್ಲಿ ಎರಡು ಮಾತಿಲ್ಲ. ಸ್ಕಿಯನ್ ಡೂ ಅನ್ನುವ ಆ ಚಾಕು ಮಡಚುವಂಥದ್ದಲ್ಲ. ಹಾಗಾಗಿ ಮೂರು ಇಂಚಿನೊಳಗಿನ ಮಡಚುವ ಚಾಕುವಿಗೆ ಬ್ರಿಟನ್ನಿನಲ್ಲಿರುವ ವಿನಾಯಿತಿ ಇದಕ್ಕಿಲ್ಲ. ಸ್ಕಾಟ್ಲೆಂಡಿನಲ್ಲಿ 1995ರ ಕಾನೂನು ರಾಷ್ಟ್ರೀಯ ಉಡುಪಿನ ಭಾಗವಾಗಿ ಇಟ್ಟುಕೊಂಡಿದ್ದೆ ಅನ್ನುವ ವಾದಕ್ಕೆ ಜಾಗ ಕೊಟ್ಟಿದೆ. ಗಮನಿಸಿ, ಅದು ಸಿಕ್ಕಿಬಿದ್ದ ಮೇಲೆ ನೀವು ಹೇಳಿಕೊಳ್ಳಬೇಕಾದ ಸಮರ್ಥನೆ. ಮದುವೆ ಮನೆಯಲ್ಲಿ ಅದು ನಡೆಯುತ್ತದೆ. ಸ್ವೆಟರ್ ಹಾಕಿ ಆಫೀಸಿಗೆ ಹೋಗುವವನ ಕಾಲುಚೀಲದಲ್ಲಿ ಇದ್ದರೆ ವಿವರಿಸುವುದು ಕಷ್ಟ. ಬ್ರಿಟನ್ ಬಿಟ್ಟು ಹೊರಗೆ ಹೋದ ಮೇಲೆ ಆ ಸಮರ್ಥನೆಯೂ ನಿಮ್ಮ ಜೊತೆ ಬರುವುದಿಲ್ಲ. ಇಟಲಿಯಲ್ಲಿ ಸಕಾರಣ ಇಲ್ಲದೆ ಚಾಕು ಹಿಡಿದು ಬೀದಿಯಲ್ಲಿ ನಡೆಯುವುದು ಅಪರಾಧ. ಕೈಚೀಲದಲ್ಲಿ ವಿಮಾನಕ್ಕೆ ಬಿಡುವುದೇ ಇಲ್ಲ. ಚೆಕ್-ಇನ್ ಪೆಟ್ಟಿಗೆಯಲ್ಲಿ ಒಯ್ಯಬಹುದಾದರೂ ಅಲ್ಲಿ ಹೋಗಿ ಏನು ಮಾಡುತ್ತೀರಿ? ಮನೆಯಲ್ಲೇ ಇರಲಿ. ಹಾಗೆಯೇ, ಹಳೆಯ ಸ್ಪೋರನ್ ಕೊಂಡಿದ್ದರೆ ಅದು ಯಾವ ಪ್ರಾಣಿಯ ತುಪ್ಪಳ ಅಂತ ಕೇಳಿ ತಿಳಿದುಕೊಳ್ಳಿ. ಸೀಲ್ ತುಪ್ಪಳದ್ದಾದರೆ ಯಾವತ್ತೂ ಅಮೆರಿಕಕ್ಕೆ ಒಯ್ಯಬೇಡಿ. ಅಲ್ಲಿನ 1972ರ ಕಾನೂನಿನ ಪ್ರಕಾರ ವಶಪಡಿಸಿಕೊಳ್ಳಬಹುದು.

ಪೆಟ್ಟಿಗೆಯಲ್ಲಿ ಇಡುವುದಾದರೆ ಮಡಚಬೇಡಿ. ನೆರಿಗೆಗಳನ್ನು ಸರಿಯಾಗಿ ಜೋಡಿಸಿ, ಉದ್ದುದ್ದಕ್ಕೆ ಕೊಳವೆಯ ಹಾಗೆ ಸುತ್ತಿ, ಹಳೆಯ ನೈಲಾನ್ ಸ್ಟಾಕಿಂಗ್ ಒಳಗೆ ತುರುಕಿ. ಇದು ನಮ್ಮ ಕಸುಬಿನವರ ಹಳೆಯ ಉಪಾಯ, ನೆರಿಗೆ ಅಲುಗುವುದಿಲ್ಲ. ಹೋಟೆಲ್ ತಲುಪಿದ ತಕ್ಷಣ ತೆಗೆದು, ಕ್ಲಿಪ್ ಇರುವ ಹ್ಯಾಂಗರಿಗೆ ಸೊಂಟದ ಪಟ್ಟಿಯಿಂದ ನೇತುಹಾಕಿ. ಬಿಸಿನೀರಿನ ಹಬೆ ಇರುವ ಬಾತ್‌ರೂಮಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಉಣ್ಣೆ ತಾನೇ ಸುಕ್ಕು ಬಿಡುತ್ತದೆ.

ರೋಮ್‌ನಲ್ಲಿ ಬೀದಿಯ ಚಿಂತೆ ಬೇಡ. ಸಿಕ್ಸ್ ನೇಷನ್ಸ್ ರಗ್ಬಿಗೆ ಸ್ಕಾಟಿಷ್ ಜನ ಕಿಲ್ಟ್ ಉಟ್ಟು ಬರುವುದನ್ನು ಆ ಊರು ನೋಡಿದೆ. ಯೋಚಿಸಬೇಕಾದ್ದು ಚರ್ಚುಗಳದ್ದು. ವ್ಯಾಟಿಕನ್‌ನ ಸೇಂಟ್ ಪೀಟರ್ಸ್‌ನಲ್ಲಿ ಭುಜ, ಮಂಡಿ ಮುಚ್ಚಿರಬೇಕು. ಕಿಲ್ಟ್ ಅಂಚು ಮಂಡಿಯ ನಡುವಿಗೇ ನಿಲ್ಲುತ್ತದೆ. ಬಾಗಿಲಲ್ಲಿ ಇರುವವರು ಬಿಟ್ಟರೂ ಬಿಡಬಹುದು, ತಡೆದರೂ ತಡೆಯಬಹುದು. ಎರಡು ತಾಸು ಸಾಲಿನಲ್ಲಿ ನಿಂತು ವಾಪಸ್ ಬರುವುದಕ್ಕಿಂತ ಆ ದಿನ ಪ್ಯಾಂಟ್ ಹಾಕಿ. ಮುಂದೆ ಎಂದಾದರೂ ಬ್ಯಾಂಕಾಕ್ ಅರಮನೆಗೆ ಹೋದರೂ ಇದೇ ಮಾತು, ಅಲ್ಲಿ ಗಂಡಸರಿಗೆ ಉದ್ದ ಪ್ಯಾಂಟೇ ಬೇಕು.

ದುಬೈನಲ್ಲಿ ನನ್ನ ಸಲಹೆ ನೇರ: ಉಡಬೇಡಿ. ಅಲ್ಲಿನ ಸ್ಕಾಟಿಷ್ ಜನ ತಮ್ಮ ಸಮಾರಂಭಗಳಿಗೆ ಕಿಲ್ಟ್ ಉಡುವುದು ನಿಜ. ಆದರೆ ಅದು ಹೋಟೆಲಿನ ಒಳಗೆ, ನೂರು ಜನ ಹಾಗೇ ಉಟ್ಟಿರುವ ಕಡೆ. ಗಲ್ಫ್ ದೇಶಗಳಲ್ಲಿ ಸಾರ್ವಜನಿಕ ಉಡುಪಿನ ಬಗ್ಗೆ ಬಿಗಿ ಇದೆ. ಗಂಡಸು ಹೆಂಗಸಿನ ಬಟ್ಟೆ ಹಾಕುವುದನ್ನು ಕೆಲವು ಕಡೆ ಕಾನೂನೂ ಸಹಿಸುವುದಿಲ್ಲ. ಕಿಲ್ಟ್ ಹೆಂಗಸಿನ ಬಟ್ಟೆ ಅಲ್ಲ ಅಂತ ನಿಮಗೆ, ನನಗೆ ಗೊತ್ತು. ಮಾಲ್‌ನಲ್ಲಿ ತಡೆಯುವವರಿಗೆ ಗೊತ್ತಿರಬೇಕಲ್ವಾ? ಎರಡು ದಿನದ ಸುತ್ತಾಟಕ್ಕೆ ಹೆಂಡತಿಯ ಮುಂದೆ ಆ ವಾದ ಮಾಡುವ ಪಾಡು ಬೇಡ. ವಿಮಾನ ಇಳಿಯುವ ಮೊದಲೇ ಪ್ಯಾಂಟಿಗೆ ಬದಲಾಯಿಸಿಕೊಳ್ಳಿ.

ಊರಿನ ವಿಷಯಕ್ಕೆ ಬಂದರೆ, ಅಪ್ಪನ ಬೇಸರವನ್ನು ತಳ್ಳಿಹಾಕಬೇಡಿ. ಅವರಿಗೆ ಫೋನಿನಲ್ಲಿ ಟಾರ್ಟನ್ ಇತಿಹಾಸ ಹೇಳಿ ಗೆಲ್ಲಲು ಹೋಗಬೇಡಿ. ಒಂದು ಫೋಟೋ ಕಳಿಸಿ. ಗಣರಾಜ್ಯೋತ್ಸವದ ಪರೇಡಿನಲ್ಲಿ ನಮ್ಮ ಸೈನ್ಯದವರು ಊದುವ ಬ್ಯಾಗ್‌ಪೈಪ್ ಅವರು ಟಿ.ವಿ.ಯಲ್ಲಿ ನೋಡಿರುತ್ತಾರೆ. ಅದು ಇದೇ ಜನರಿಂದ ಬಂದದ್ದು, ಇದು ಅವರ ಗಂಡಸರು ಉಟ್ಟು ಯುದ್ಧಕ್ಕೆ ಹೋಗುತ್ತಿದ್ದ ಬಟ್ಟೆ ಅಂತ ಹೇಳಿ. ನಮ್ಮ ದೇಶಕ್ಕೂ ಅದು ಹಾಗೇ ಬಂತು. 1857ರಲ್ಲಿ ಲಖನೌಗೆ ನುಗ್ಗಿದ ಬ್ರಿಟಿಷ್ ಸೈನ್ಯದ 93ನೇ ಹೈಲ್ಯಾಂಡರ್ಸ್ ಪಡೆಯವರು ಕಿಲ್ಟ್‌ನಲ್ಲೇ ಇದ್ದರು. ಆ ನೆನಪು ನಮಗೆ ಹಿತವಾದದ್ದಲ್ಲ, ಅದನ್ನೂ ಮುಚ್ಚಿಡಬೇಕಾಗಿಲ್ಲ.

ಆದರೆ ಗೃಹಪ್ರವೇಶದ ದಿನ ಕಿಲ್ಟ್ ಬೇಡ. ಕಾರಣ ಮರ್ಯಾದೆಯದ್ದಲ್ಲ, ಬಟ್ಟೆಯ ರಚನೆಯದ್ದು. ಕಿಲ್ಟ್ ನಿಲ್ಲಲು, ನಡೆಯಲು, ಕುರ್ಚಿಯಲ್ಲಿ ಕೂರಲು ಹೊಲಿದದ್ದು. ಹೋಮದ ಮುಂದೆ, ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತರೆ ಮುಂದಿನ ಪದರ ತೊಡೆ ಮೇಲಕ್ಕೆ ಏರುತ್ತದೆ, ಎದುರು ಸಾಲಿನಲ್ಲಿ ಕೂತವರಿಗೆ ಮುಜುಗರ. ಪಂಚೆಯನ್ನು ಕೆಳಗೆ ಬಿಟ್ಟುಕೊಂಡು ಕೂರಬಹುದು, ಇದರಲ್ಲಿ ಆ ಅನುಕೂಲ ಇಲ್ಲ. ಇನ್ನೊಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಕಿಲ್ಟಿನ ಬಕಲ್ ಪಟ್ಟಿಗಳು ಚರ್ಮದವು, ಸ್ಪೋರನ್ ಚರ್ಮದ್ದು. ಚರ್ಮ ಒಳಗೆ ಬಿಡದ ದೇವಸ್ಥಾನಗಳು ನಮ್ಮಲ್ಲಿವೆ. ಬೆಲ್ಟಿನ ಹಾಗೆ ಬಾಗಿಲಲ್ಲಿ ಬಿಚ್ಚಿಡೋಣ ಅಂದರೆ ಆ ಪಟ್ಟಿ ಇಲ್ಲದೆ ಕಿಲ್ಟೇ ನಿಲ್ಲುವುದಿಲ್ಲ. ಪೂಜೆಗೆ, ದೇವಸ್ಥಾನಕ್ಕೆ ಪಂಚೆ ಉಡಿ. ಮರುದಿನ ಸಂಜೆ ನೆಂಟರೆಲ್ಲ ಅಂಗಳದಲ್ಲಿ ಕುರ್ಚಿ ಹಾಕಿ ಕೂತಾಗ ಕಿಲ್ಟ್ ಉಟ್ಟು ತೋರಿಸಿ. ಪಿ.ವಿ. ಅಥವಾ ಹತ್ತಿಯದ್ದೇ ಒಯ್ಯಿರಿ. ಮಲೆನಾಡಿನ ತೇವದಲ್ಲಿ ದಪ್ಪ ಉಣ್ಣೆ ನೆನೆದರೆ ಒಣಗುವುದೇ ಇಲ್ಲ, ಬೂಷ್ಟು ಹಿಡಿಯುತ್ತದೆ. ತೋಟಕ್ಕೆ, ಕಾಡಿನ ಕಡೆಗೆ ಅದರಲ್ಲಿ ಹೋಗಬೇಡಿ, ಬರಿಗಾಲಿಗೆ ಉಣುಗು, ಇಂಬಳ ಎರಡೂ ಹತ್ತುತ್ತವೆ. ಈ ಎಚ್ಚರ ಸ್ಕಾಟ್ಲೆಂಡಿನ ಬೆಟ್ಟಕ್ಕೂ ಬೇಕು. ಅಲ್ಲಿನ ಉಣುಗು ಕಚ್ಚಿದರೆ ಲೈಮ್ ಕಾಯಿಲೆ ಬರುವ ಅಪಾಯ ಇದೆ. ನಡಿಗೆ ಮುಗಿಸಿ ಬಂದ ಮೇಲೆ ಮಂಡಿ, ತೊಡೆ ಎಲ್ಲ ನೋಡಿಕೊಳ್ಳಿ.

ವಾಪಸ್ ಬಂದ ಮೇಲೆ ಎಂಟು ಗಜದ ಕಿಲ್ಟನ್ನು ನಿಮಗೆ ಹೊಲಿದುಕೊಟ್ಟವರ ಹತ್ತಿರ ಒಯ್ದು ಉದ್ದ ನೋಡಿಸಿ. ಕೆಳಗಿನ ಅಂಚನ್ನು ಕತ್ತರಿಸಿ ಮಡಚಲು ಬಿಡಬೇಡಿ, ಮೇಲಿನ ಪಟ್ಟಿ ಬಿಚ್ಚಿ ಅಲ್ಲಿಂದ ಏರಿಸಬೇಕು. ಪ್ರತಿ ಸಲ ಉಟ್ಟ ಮೇಲೆ ಮೆತ್ತನೆ ಬ್ರಷ್‌ನಿಂದ ಕೆಳಮುಖವಾಗಿ ಬಾಚಿ, ಒಂದು ದಿನ ಗಾಳಿಗೆ ನೇತುಹಾಕಿ. ನೆ­ನೆದಿದ್ದರೆ ಹೀಟರ್ ಮೇಲೆ ಹಾಕಬೇಡಿ. ಡ್ರೈ ಕ್ಲೀನ್ ವರ್ಷಕ್ಕೊಮ್ಮೆ ಸಾಕು. ಕೊಡುವ ಮೊದಲು ನೆರಿಗೆಗಳನ್ನು ದೊಡ್ಡ ಹೊಲಿಗೆ ಹಾಕಿ ಹಿಡಿಸಿಕೊಡಿ, ಇಲ್ಲದಿದ್ದರೆ ಅಂಗಡಿಯವರು ತಮಗೆ ತೋಚಿದ ಹಾಗೆ ಇಸ್ತ್ರಿ ಒತ್ತಿಬಿಡುತ್ತಾರೆ. ಬೇಸಿಗೆಯಲ್ಲಿ ಎತ್ತಿಡುವಾಗ ಚೆನ್ನಾಗಿ ಶುಚಿ ಮಾಡಿಯೇ ಇಡಿ. ಬಟ್ಟೆ ತಿನ್ನುವ ನುಸಿಮರಿ ಮೊದಲು ಬಾಯಿ ಹಾಕುವುದು ಬೆವರು, ಊಟದ ಕಲೆ ಇರುವ ಕಡೆಗೆ.